ಅಗ್ಗದ ರಿಪೇರಿ: ಬಿಲ್ಲಿನಲ್ಲಿ ಕಾಣದ ಖರ್ಚು

ಮಾನ್ಯ ಸಂಪಾದಕರೇ,

‘ಫುಲ್ ಸರ್ವಿಸ್ 1,499 ರೂಪಾಯಿ ಮಾತ್ರ’ ಎಂಬಂಥ ಫಲಕಗಳು ಹುಬ್ಬಳ್ಳಿ-ಧಾರವಾಡದ ರಸ್ತೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಣುತ್ತಲೇ ಇರುತ್ತವೆ. ಕಾರು ಇರುವವರು ಒಮ್ಮೆ ಕೂತು ಲೆಕ್ಕ ಹಾಕಬೇಕು. ಸಣ್ಣ ಪೆಟ್ರೋಲ್ ಕಾರಿಗೆ ಸುಮಾರು ಮೂರರಿಂದ ಮೂರೂವರೆ ಲೀಟರ್ ಎಂಜಿನ್ ಆಯಿಲ್ ಬೇಕು. ಕಂಪನಿ ಹೇಳಿದ ಗ್ರೇಡಿನ ಒಳ್ಳೆಯ ಸಿಂಥೆಟಿಕ್ ಆಯಿಲ್ ಕೊಂಡರೆ ಈ ದರದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ, ಎಷ್ಟೋ ಸಲ ದಾಟಿಯೂ ಹೋಗುತ್ತದೆ. ಅದರ ಮೇಲೆ ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡ್ರೇನ್ ಬೋಲ್ಟಿನ ವಾಷರ್, ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ಸ್ವಚ್ಛ ಮಾಡುವ ಮಜೂರಿ. ಇಷ್ಟೆಲ್ಲ ಆ ದರದೊಳಗೆ ಕೂಡುವುದಿಲ್ಲ. ಕೂಡಿಸಿದ್ದೇವೆ ಅಂದರೆ ಯಾವುದೋ ಒಂದನ್ನು ಹಾಕಿಲ್ಲ, ಇಲ್ಲವೇ ಹಾಕಬೇಕಾದ್ದನ್ನು ಬಿಟ್ಟು ಬೇರೇನೋ ಹಾಕಿದ್ದಾರೆ.

ಸಣ್ಣ ಗ್ಯಾರೇಜುಗಳನ್ನು ದೂರುವ ಉದ್ದೇಶ ಈ ಪತ್ರಕ್ಕಿಲ್ಲ. ಗೋಕುಲ ರಸ್ತೆಯಲ್ಲಿ, ಹಳೇ ಹುಬ್ಬಳ್ಳಿಯಲ್ಲಿ, ಗದಗ-ಹಾವೇರಿಯ ಗಲ್ಲಿಗಳಲ್ಲಿ ಎಂಜಿನ್ ಸಪ್ಪಳ ಕೇಳಿಯೇ ದೋಷ ಹೇಳಬಲ್ಲ ಮಿಸ್ತ್ರಿಗಳಿದ್ದಾರೆ. ಶೋರೂಮಿಗಿಂತ ಅವರ ದರ ಕಡಿಮೆ ಇರುವುದಕ್ಕೆ ನ್ಯಾಯವಾದ ಕಾರಣವೂ ಇದೆ: ಬಾಡಿಗೆ ಕಡಿಮೆ, ಕೌಂಟರಿನಲ್ಲಿ ಕೂರುವ ಸಿಬ್ಬಂದಿ ಇಲ್ಲ, ಮಾಲೀಕನೇ ಪಾನಾ ಹಿಡಿಯುತ್ತಾನೆ. ಆ ಉಳಿತಾಯ ಗ್ರಾಹಕನಿಗೆ ದಕ್ಕಬೇಕಾದ್ದೇ. ಸಾಮಾನಿನಲ್ಲಿ, ಆಯಿಲ್‌ನಲ್ಲಿ, ಎಂಜಿನ್ ತಣಿಸುವ ದ್ರವವಾದ ಕೂಲಂಟ್‌ನಲ್ಲಿ, ಕೆಲಸಕ್ಕೆ ಕೊಡುವ ಸಮಯದಲ್ಲಿ ಕಡಿತ ಮಾಡಿ ತಂದ ಅಗ್ಗದ ದರ ಮಾತ್ರ ಬೇರೆ. ಗಾಡಿ ಕೈಗೆ ಬರುವಾಗ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ತಿಳಿಯುವುದು ಆರು ತಿಂಗಳ ನಂತರ.

ಮೊದಲು ನೀರಿನ ವಿಷಯ. ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು, ನವಲಗುಂದ, ನರಗುಂದ, ರೋಣದ ಕಡೆ ಹೋದರೆ ಸವಳು. ಈ ನೀರನ್ನೇ ಮಗ್ಗಿನಲ್ಲಿ ಹಿಡಿದು ರೇಡಿಯೇಟರಿಗೆ ಸುರಿಯುವುದನ್ನು ಎಲ್ಲೆಡೆ ನೋಡಬಹುದು. ನೀರು ಕಾಯಿಸುವ ಕಾಯಿಲ್‌ಗೆ ಬಿಳಿ ಹಕ್ಕಳೆ ಕಟ್ಟುವಂತೆ ಎಂಜಿನ್ ಒಳಗೂ ಕಟ್ಟುತ್ತದೆ, ಅದೂ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುವ ಎಕ್ಸಾಸ್ಟ್ ವಾಲ್ವ್‌ಗಳ ಸುತ್ತಲೇ ಮೊದಲು. ಹಕ್ಕಳೆ ಕಟ್ಟಿದ ಜಾಗದಿಂದ ಶಾಖ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ರೇಡಿಯೇಟರಿನ ತೆಳು ಅಲ್ಯುಮಿನಿಯಂ ನಳಿಕೆಗಳೂ ಕಿರಿದಾಗುತ್ತವೆ. ಕೂಲಂಟ್‌ನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ, ಬರೀ ನೀರಿನಲ್ಲಿ ಅವಿಲ್ಲದ್ದರಿಂದ ವಾಟರ್ ಪಂಪಿನ ಒಳಚಕ್ರ, ಎಂಜಿನ್ ಬ್ಲಾಕಿನ ರಂಧ್ರ ಮುಚ್ಚುವ ಕೋರ್ ಪ್ಲಗ್‌ಗಳನ್ನು ತುಕ್ಕು ತಿನ್ನುತ್ತದೆ. ಸರಿಯಾದ ಕ್ರಮ ಕಷ್ಟದ್ದೇನಲ್ಲ: ಹಳೆಯದನ್ನು ಪೂರ್ತಿ ಇಳಿಸಿ, ಶುದ್ಧ ನೀರಿನಿಂದ ತೊಳೆದು, ಕೂಲಂಟ್ ಕಾನ್ಸಂಟ್ರೇಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ ಹಾಕಬೇಕು, ಇಲ್ಲವೇ ಬೆರೆಸಿಯೇ ಬರುವ ಕೂಲಂಟ್ ಹಾಕಬೇಕು. ಬಳಿಕ ಎಂಜಿನ್ ಚಾಲೂ ಇಟ್ಟು ಫ್ಯಾನ್ ಒಂದೆರಡು ಸಲ ತಿರುಗುವವರೆಗೆ ಗಾಳಿ ಹೊರಗೆ ಹೋಗಲು ಬಿಡಬೇಕು. ಒಳಗೆ ಗಾಳಿ ಉಳಿದರೆ ಟೆಂಪರೇಚರ್ ಮುಳ್ಳು ಸುಳ್ಳು ಹೇಳುತ್ತದೆ. ಬೇರೆ ಬೇರೆ ಜಾತಿಯ ಕೂಲಂಟ್‌ಗಳನ್ನು ಒಂದರ ಮೇಲೊಂದು ಸುರಿಯಬಾರದು.

ಇಲ್ಲಿಯೇ ಅಗ್ಗದ ರಿಪೇರಿಯ ಅತಿ ಪರಿಚಿತ ಮಾತು ಕೇಳಿಬರುತ್ತದೆ: “ಥರ್ಮೋಸ್ಟ್ಯಾಟ್ ತಗದ ಒಗೀತೀನ್ರಿ ಸರ, ಮುಂದ ಗಾಡಿ ಹೀಟೇ ಆಗೂದಿಲ್ಲ.” ಮೇಲ್ನೋಟಕ್ಕೆ ನಿಜವೆನಿಸುತ್ತದೆ. ಥರ್ಮೋಸ್ಟ್ಯಾಟ್ ಎಂದರೆ ಮೇಣ ತುಂಬಿದ ಒಂದು ಚಿಕ್ಕ ವಾಲ್ವ್. ಬಹುತೇಕ ಕಾರುಗಳಲ್ಲಿ ಅದು 82ರಿಂದ 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯುತ್ತದೆ, ಅಲ್ಲಿಯವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆದು ಎಂಜಿನ್ ಬೇಗ ಬಿಸಿಯಾಗುವಂತೆ ಮಾಡುತ್ತದೆ. ಅದನ್ನು ತೆಗೆದರೆ ಹೆದ್ದಾರಿಯಲ್ಲಿ, ಚಳಿಗಾಲದ ಬೆಳಗಿನಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಸೆನ್ಸರ್ ‘ಇನ್ನೂ ತಣ್ಣಗಿದೆ’ ಎಂದು ಹೇಳುತ್ತಲೇ ಇರುವುದರಿಂದ ಎಂಜಿನ್ನಿನ ಕಂಪ್ಯೂಟರ್ ಆದ ಇ.ಸಿ.ಯು. ಪೆಟ್ರೋಲ್ ಹೆಚ್ಚಿಗೆ ಬಿಡುತ್ತದೆ. ಮೈಲೇಜ್ ಇಳಿಯುತ್ತದೆ. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಆಯಿಲ್ ಸಾಕಷ್ಟು ಕಾಯದ ಕಾರಣ ಅದರಲ್ಲಿನ ತೇವ ಆವಿಯಾಗದೆ, ಆಯಿಲ್ ಕ್ಯಾಪಿನ ಒಳಬದಿಗೆ ಕೆನೆ ಬಣ್ಣದ ಮಡ್ಡಿ ಕಟ್ಟುತ್ತದೆ. ಇಷ್ಟೆಲ್ಲ ಆದಮೇಲೂ ಗಾಡಿ ಮೊದಲು ಹೀಟ್ ಆಗಿದ್ದ ಕಾರಣ, ಅಂದರೆ ಕಟ್ಟಿಕೊಂಡ ರೇಡಿಯೇಟರ್, ಸೋತ ವಾಟರ್ ಪಂಪ್ ಅಥವಾ ಸಡಿಲಾದ ರೇಡಿಯೇಟರ್ ಕ್ಯಾಪ್, ಹಾಗೆಯೇ ಉಳಿದಿರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಹೊರಟ ದಿನ ಅದು ಮತ್ತೆ ತಲೆ ಎತ್ತುತ್ತದೆ. ಫ್ಯಾನನ್ನು ‘ಡೈರೆಕ್ಟ್’ ಮಾಡಿ ಕೊಡುವುದೂ ಇದೇ ಜಾತಿಯ ಕೆಲಸ. ಕೀ ತಿರುಗಿಸಿದೊಡನೆ ತಿರುಗಲು ಶುರುವಾದ ಫ್ಯಾನ್ ಮೋಟಾರ್ ನಿಲ್ಲುವುದೇ ಇಲ್ಲ, ಬೇಗ ಸವೆಯುತ್ತದೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೂ ಹೊರೆ. ಕೆಟ್ಟಿದ್ದ ಸೆನ್ಸರ್ ಅಥವಾ ರಿಲೇ ಇದ್ದ ಹಾಗೇ ಇರುತ್ತದೆ. ಇನ್ನು ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ನಡುದಾರಿಯಲ್ಲಿ ಊರು ಮುಟ್ಟುವ ಉಪಾಯ. ಅದನ್ನೇ ರಿಪೇರಿ ಎಂದು ಒಪ್ಪಿಕೊಂಡರೆ ಆ ಪುಡಿ ಸಣ್ಣ ನಳಿಕೆಗಳನ್ನು ಮುಚ್ಚುತ್ತದೆ.

ಎಂಜಿನ್ ಒಮ್ಮೆ ಚೆನ್ನಾಗಿ ಹೀಟ್ ಆಯಿತೆಂದರೆ ಸರದಿ ಹೆಡ್ ಗ್ಯಾಸ್ಕೆಟ್‌ನದು, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲಿನದು. ಅಲ್ಯುಮಿನಿಯಂ ಹೆಡ್ ಬಾಗಿದೆಯೇ ಎಂದು ನೇರ ಪಟ್ಟಿ (ಸ್ಟ್ರೇಟ್ ಎಡ್ಜ್) ಇಟ್ಟು, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿ ನೋಡಬೇಕು. ಅನೇಕ ಎಂಜಿನ್‌ಗಳಲ್ಲಿ 0.05 ಮಿಲಿಮೀಟರ್ ದಾಟಿದ ಬಾಗು ನಡೆಯುವುದಿಲ್ಲ. ಕಣ್ಣಿಗೆ ಇದು ಕಾಣುವಂಥದ್ದಲ್ಲ. ಬಾಗಿದ್ದರೆ ಲೇಥಿಗೆ ಕಳಿಸಿ ಫೇಸಿಂಗ್, ಅಂದರೆ ಮುಖ ಕೆರೆದು ಸಮತಟ್ಟು, ಮಾಡಿಸಬೇಕು. ಕೂಡಿಸುವಾಗ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು-ಮೂರು ಹಂತದಲ್ಲಿ, ಬಿಗಿತ ಅಳೆಯುವ ಪಾನಾ ಆದ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಅನೇಕ ಈಚಿನ ಎಂಜಿನ್‌ಗಳ ಹೆಡ್ ಬೋಲ್ಟುಗಳು ಬಿಗಿದಾಗ ಹಿಗ್ಗುವ ಜಾತಿಯವು, ಒಮ್ಮೆ ಬಿಚ್ಚಿದ ಮೇಲೆ ಹೊಸವನ್ನೇ ಹಾಕಬೇಕು. ಅಗ್ಗದ ಕೆಲಸದಲ್ಲಿ ಬಿಟ್ಟುಹೋಗುವುದು ಈ ಮೂರೂ: ಅಳತೆ ಇಲ್ಲ, ಫೇಸಿಂಗ್ ಇಲ್ಲ, ಹಳೆಯ ಬೋಲ್ಟೇ. ಬದಲಿಗೆ ಗ್ಯಾಸ್ಕೆಟ್‌ಗೆ ಸಿಲಿಕಾನ್ ಸವರಿ ಕೈಬಲದಿಂದ ಬಿಗಿದಿರುತ್ತಾರೆ. ಒಂದೆರಡು ತಿಂಗಳಿಗೆ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ, ಈ ಸಲ ಕೂಲಂಟ್ ಆಯಿಲಿಗೆ ಇಳಿದರೆ ಬೇರಿಂಗ್‌ಗಳೂ ಜೊತೆಗೆ ಹೋಗುತ್ತವೆ. ಕೆಲವು ನೂರು ರೂಪಾಯಿಗಳಿಂದ ಒಂದೆರಡು ಸಾವಿರದೊಳಗೆ ಮುಗಿಯಬೇಕಿದ್ದ ಥರ್ಮೋಸ್ಟ್ಯಾಟ್ ಕೆಲಸ ಎಂಜಿನ್ ಬಿಚ್ಚುವ ಹತ್ತಾರು ಸಾವಿರದ ಬಿಲ್ಲಾಗುವ ದಾರಿ ಇದು.

ಬ್ರೇಕಿನ ವಿಷಯಕ್ಕೆ ಬಂದರೆ ಹಣದ ಮಾತು ಹಿಂದೆ ಸರಿಯುತ್ತದೆ. ಹುಬ್ಬಳ್ಳಿಯಿಂದ ಅಂಕೋಲಾ, ಗೋಕರ್ಣ, ಕಾರವಾರಕ್ಕೆ ಹೋಗುವವರು ಸಾಮಾನ್ಯವಾಗಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವ ಮಟ್ಟ ಕನಿಷ್ಠ 205 ಡಿಗ್ರಿ, ತೇವ ಸೇರಿದ ಮೇಲೆ 140. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಘಟ್ಟದಲ್ಲಿ ಒಂದೇ ಸಮನೆ ಬ್ರೇಕ್ ಒತ್ತುತ್ತ ಇಳಿದಾಗ ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಳಿಯ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಡ ಸಾಗಿಸುತ್ತದೆ, ಆವಿ ಕುಗ್ಗಿಬಿಡುತ್ತದೆ. ಪೆಡಲ್ ಸೀದಾ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಇದಕ್ಕೇ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕೆಂದು ಬಹುತೇಕ ಕಂಪನಿಗಳು ಹೇಳುತ್ತವೆ. ಆದರೆ ಅಗ್ಗದ ಸರ್ವಿಸ್‌ನಲ್ಲಿ ನಡೆಯುವುದು ಟಾಪ್-ಅಪ್ ಮಾತ್ರ, ಅದೂ ಕಪಾಟಿನಲ್ಲಿ ತಿಂಗಳುಗಟ್ಟಲೆ ಮುಚ್ಚಳ ತೆರೆದಿದ್ದ ಬಾಟಲಿಯಿಂದ. ಹೊಸ ಬಾಟಲಿಯ ಸೀಲನ್ನು ನನ್ನೆದುರೇ ಒಡೆಯಿರಿ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಬ್ರೇಕ್ ಪ್ಯಾಡ್ ಬದಲಿಸುವುದು ಅರ್ಧ ತಾಸಿನ ಕೆಲಸವಾಗಿ ಕಾಣುತ್ತದೆ, ಹಾಗೆ ಮಾಡಿಯೂ ಕೊಡುತ್ತಾರೆ. ಹಳೇ ಪ್ಯಾಡ್ ಕಿತ್ತು ಹೊಸದು ತುರುಕಿದರೆ ಆಯಿತು ಎಂಬ ಲೆಕ್ಕ. ಸರಿಯಾಗಿ ಮಾಡುವವರು ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಎರಡನ್ನೂ ಹೊರತೆಗೆದು ಒರೆಸಿ, ಶಾಖ ತಡೆಯುವ ಸಿಲಿಕಾನ್ ಗ್ರೀಸ್ ಹಚ್ಚುತ್ತಾರೆ. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಊದಿ ಪಿನ್ ಹಿಡಿದುಕೊಳ್ಳುತ್ತದೆ. ಪಿನ್ ಹಿಡಿದರೆ ಒಳಗಿನ ಪ್ಯಾಡ್ ಲೋಹದವರೆಗೆ ಸವೆಯುತ್ತದೆ, ಹೊರಗಿನದು ಹೊಸದರಂತೆ ಉಳಿಯುತ್ತದೆ, ಚಕ್ರ ಬಿಚ್ಚದೆ ಇಣುಕಿ ನೋಡಿದವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಡಿಸ್ಕ್ ಎಷ್ಟು ದಪ್ಪ ಉಳಿದಿದೆ ಎಂದೂ ಅಳೆಯಬೇಕು, ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಪ್ಯಾಡಿನ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದರ, ಮೂರು ಮಿಲಿಮೀಟರಿಗೆ ಬಂದರೆ ಬದಲಿಸುವ ಹೊತ್ತು. ಡುಪ್ಲಿಕೇಟ್ ಪ್ಯಾಡಿನ ಮಸಾಲೆ ಒಂದೋ ಕಲ್ಲಿನಂತೆ ಗಟ್ಟಿಯಾಗಿದ್ದು ಡಿಸ್ಕ್ ಕೆರೆಯುತ್ತದೆ, ಇಲ್ಲವೇ ಬಿಸಿಯಾದೊಡನೆ ಹಿಡಿತ ಬಿಡುತ್ತದೆ. ಚಕ್ರ ಹಾಕುವಾಗ ಏರ್ ಗನ್‌ನಿಂದ ಗುರ್ರೆನ್ನಿಸಿ ಬಿಟ್ಟುಬಿಡುವುದೂ ಬೇಡ. ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ, ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕಿಗೆ ಕೈಯಿಂದ ಬಿಗಿಯಬೇಕು. ಅತಿ ಬಿಗಿದ ನಟ್ ಪಂಕ್ಚರ್ ಆದ ದಿನ ಗಾಡಿಯ ಜೊತೆ ಕೊಡುವ ಪಾನಾಕ್ಕೆ ಜಗ್ಗುವುದಿಲ್ಲ, ಸ್ಟಡ್ ಮುರಿಯುವುದೂ ಉಂಟು.

ಕ್ಲಚ್ ಕೆಲಸದಲ್ಲಿ ಮೋಸ ಹೋಗುವುದು ಇನ್ನೊಂದು ರೀತಿ. ಕ್ಲಚ್ ಬದಲಿಸಲು ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಎಳೆದು ಗೇರ್‌ಬಾಕ್ಸ್ ಇಳಿಸಬೇಕು. ಖರ್ಚಿನಲ್ಲಿ ಆ ಮಜೂರಿಯದೂ ದೊಡ್ಡ ಪಾಲು. ಹೀಗಿರುವಾಗ “ಪ್ರೆಶರ್ ಪ್ಲೇಟ್ ಇನ್ನಾ ಚಲೋ ಐತ್ರಿ, ಬರೇ ಪ್ಲೇಟ್ ಹಾಕೂಣು” ಎಂಬ ಮಾತಿಗೆ ಒಪ್ಪಿ ಕ್ಲಚ್ ಪ್ಲೇಟ್ ಒಂದನ್ನೇ ಹಾಕಿಸಿದರೆ ಉಳಿಯುವ ದುಡ್ಡು ಸ್ವಲ್ಪ. ಹಳೆಯ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬಲ ಕುಂದಿರುತ್ತದೆ, ಅದರ ಬೆರಳುಗಳು ಸವೆದಿರುತ್ತವೆ, ಮುಖ ಶಾಖಕ್ಕೆ ನೀಲಿಗಟ್ಟಿರುತ್ತದೆ. ಹೊಸ ಪ್ಲೇಟ್ ಅದರ ಮೇಲೆ ಸಮನಾಗಿ ಕೂರದೆ ಮೊದಲ ಗೇರಿನಲ್ಲಿ ಗಾಡಿ ನಡುಗುತ್ತದೆ. ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ತಳ್ಳುವ ರಿಲೀಸ್ ಬೇರಿಂಗ್ ಬದಲಿಸದಿದ್ದರೆ ಕೆಲವೇ ತಿಂಗಳಲ್ಲಿ ಕಿರುಗುಟ್ಟಲು ಶುರು, ಅದೊಂದು ಬೇರಿಂಗಿಗಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಸೆಟ್ ಆಗಿಯೇ ಹಾಕಿಸಿ. ಹಳೇ ಪ್ಲೇಟಿಗೆ ಹೊಸ ಲೈನಿಂಗ್ ರಿವೆಟ್ ಹೊಡೆಸುವುದು ಕಾರಿಗೆ ಬೇಡವೇ ಬೇಡ. ಗೇರ್‌ಬಾಕ್ಸ್ ಕೆಳಗಿದ್ದಾಗಲೇ ಫ್ಲೈವೀಲಿನ ಮುಖದಲ್ಲಿ ಬಿರುಕು ಇದೆಯೇ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯೇ ಎಂದು ನೋಡಿಬಿಡಬೇಕು. ಸೀಲಿನದು ಸಣ್ಣ ಖರ್ಚು, ಆದರೆ ಅದರಿಂದ ಆಯಿಲ್ ಹನಿ ಹೊಸ ಕ್ಲಚ್ ಪ್ಲೇಟಿಗೆ ಬಿದ್ದರೆ ಅಷ್ಟೂ ಕೆಲಸ ನೀರುಪಾಲು. ಕೊನೆಯಲ್ಲಿ ಗೇರ್ ಆಯಿಲ್: ಶಾಫ್ಟ್ ಎಳೆದಾಗ ಅದು ಸುರಿದುಹೋಗಿರುತ್ತದೆ. ಎಷ್ಟು ಹಾಕಿದರು, ಯಾವ ಗ್ರೇಡ್ ಎಂದು ಬಿಲ್ಲಿನಲ್ಲಿ ಕಾಣದಿದ್ದರೆ ಕೇಳಲೇಬೇಕು.

ಎಂಜಿನ್ ಆಯಿಲ್ ಬಗ್ಗೆ ಎರಡು ಮಾತು ಸಾಕು. 0ಡಬ್ಲ್ಯು-20 ಎಂಬ ತೆಳು ಗ್ರೇಡ್ ಕೇಳುವ ಎಂಜಿನ್‌ಗೆ ಡ್ರಮ್ಮಿನಿಂದ 20ಡಬ್ಲ್ಯು-40 ಎಂಬ ದಪ್ಪ ಗ್ರೇಡಿನ ಲೂಸ್ ಆಯಿಲ್ ಹಾಕಿದರೆ ಗಾಡಿ ಓಡುತ್ತದೆ, ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಿನ ಕ್ಯಾಮ್‌ಶಾಫ್ಟ್ ತಲುಪುವುದು ತಡ, ಹೆಚ್ಚಿನ ಸವಕಳಿ ಆಗುವುದೇ ಆ ಹೊತ್ತಿನಲ್ಲಿ. ಒಳ್ಳೆಯ ಫಿಲ್ಟರಿನೊಳಗೆ ಎಂಜಿನ್ ನಿಂತ ಮೇಲೂ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಡುಪ್ಲಿಕೇಟ್ ಫಿಲ್ಟರಿನಲ್ಲಿ ಅದು ಬೇಗ ಗಟ್ಟಿಯಾಗುತ್ತದೆ, ದಿನಾ ಮುಂಜಾನೆ ಕೆಲವು ಸೆಕೆಂಡು ಟಕಟಕ ಸಪ್ಪಳ ಬಂದರೆ ಮೊದಲು ಸಂಶಯಪಡಬೇಕಾದ್ದು ಅದನ್ನೇ. ಡೀಸೆಲ್ ಗಾಡಿಯಲ್ಲಿ ಕೆಟ್ಟ ಡೀಸೆಲ್ ಫಿಲ್ಟರಿನ ದಂಡ ಇನ್ನೂ ದೊಡ್ಡದು, ಏಕೆಂದರೆ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಕಾಮನ್ ರೇಲ್ ಇಂಜೆಕ್ಟರಿನ ಒಳಗಿನ ಸಂದು ಕೆಲವೇ ಮೈಕ್ರಾನ್. ಫಿಲ್ಟರ್ ದಾಟಿದ ಕಣವಾಗಲಿ ನೀರಿನ ಹನಿಯಾಗಲಿ ಇಂಜೆಕ್ಟರನ್ನೇ ತಿನ್ನುತ್ತದೆ.

ನಮ್ಮ ಎರಿ ಮಣ್ಣಿನ ಹಾದಿಗಳಲ್ಲಿ ಮಳೆಗಾಲದಲ್ಲಿ ಓಡಾಡುವವರು ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಮೇಲೆ ಕಣ್ಣಿಡಬೇಕು. ಬೂಟ್ ಹರಿದರೆ ಗ್ರೀಸ್ ಹೊರಗೆ ಸಿಡಿಯುತ್ತದೆ, ಕೆಸರು ಒಳಗೆ ಹೋಗುತ್ತದೆ. ಅದೇ ವಾರ ಬೂಟ್ ಬದಲಿಸಿ ಹೊಸ ಗ್ರೀಸ್ ತುಂಬಿದರೆ ಜಾಯಿಂಟ್ ಬದುಕುತ್ತದೆ. ಮೇಲೆ ಟೇಪ್ ಸುತ್ತಿ ಕಳಿಸಿದರೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎಂಬ ಸದ್ದು ಬಂದು, ಜಾಯಿಂಟನ್ನೋ ಇಡೀ ಶಾಫ್ಟನ್ನೋ ಕೊಳ್ಳುವ ಪರಿಸ್ಥಿತಿ.

ಎಲೆಕ್ಟ್ರಿಕಲ್ ಕೆಲಸದಲ್ಲಿ ಅಗ್ಗದ ದಾರಿ ಹಿಡಿದರೆ ಗಾಡಿಯೇ ಸುಡಬಹುದು. ಕಾರಿನ ಫ್ಯೂಸಿನ ಬಣ್ಣವೇ ಅದರ ಶಕ್ತಿ ಹೇಳುತ್ತದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕೆಂಪು ಇದ್ದ ಜಾಗದಲ್ಲಿ ಹಸಿರು ಕಂಡರೆ, ಅಥವಾ ಫ್ಯೂಸಿಗೆ ತಂತಿ ಸುತ್ತಿದ್ದು ಕಂಡರೆ, ಶಾರ್ಟ್ ಎಲ್ಲಿದೆ ಎಂದು ಹುಡುಕುವ ಕೆಲಸ ಬಿಟ್ಟು ಕಾವಲನ್ನೇ ಕಿತ್ತು ಹಾಕಿದ್ದಾರೆ ಎಂದರ್ಥ. ಮುಂದಿನ ಸಲ ಕರಗುವುದು ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗ್. ಚೆಕ್ ಎಂಜಿನ್ ದೀಪವನ್ನು ಸ್ಕ್ಯಾನರಿನಿಂದ ಆರಿಸಿ ದುಡ್ಡು ತೆಗೆದುಕೊಳ್ಳುವುದನ್ನೂ ರಿಪೇರಿ ಎನ್ನಲಾಗದು. ಇಗ್ನಿಷನ್ ಕಾಯಿಲ್ ಸೋತು ಒಂದು ಸಿಲಿಂಡರ್ ಸುಡದಿದ್ದರೆ ಆ ಪೆಟ್ರೋಲ್ ಹೊಗೆಯ ವಿಷ ತಗ್ಗಿಸುವ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ. ಕಾಯಿಲಿನ ಬೆಲೆಗೂ ಕನ್ವರ್ಟರಿನ ಬೆಲೆಗೂ ಹೋಲಿಕೆಯೇ ಇಲ್ಲ. ಯಾವ ಕೋಡ್ ಬಂದಿತ್ತು ಎಂಬುದನ್ನು ಬರೆದು ಕೊಡಿ ಎಂದು ಕೇಳಿ, ಆಮೇಲೆ ದೀಪ ಆರಿಸಲಿ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕೆಲಸ ಆಗುವುದೇ ಇಲ್ಲವೇ? ಖಂಡಿತ ಆಗುತ್ತದೆ. ಕಾರು ಕಂಪನಿಗಳು ಎಲ್ಲ ಭಾಗಗಳನ್ನೂ ತಾವೇ ತಯಾರಿಸುವುದಿಲ್ಲ. ವ್ಯಾಲಿಯೋ, ಲೂಕ್‌ನಂಥವರು ಕ್ಲಚ್, ಬಾಷ್‌ನಂಥವರು ಫಿಲ್ಟರ್-ಪ್ಲಗ್ ತಮ್ಮದೇ ಡಬ್ಬಿಯಲ್ಲೂ ಮಾರುತ್ತಾರೆ, ಸಾಮಾನ್ಯವಾಗಿ ಅದು ಕಾರು ಕಂಪನಿಯ ಡಬ್ಬಿಗಿಂತ ಅಗ್ಗ. ನಂಬಿಕೆಯ ಅಂಗಡಿಯಿಂದ ಅದನ್ನು ತಂದುಕೊಟ್ಟು, ಪರಿಚಯದ ಮಿಸ್ತ್ರಿಯಿಂದ ಹಾಕಿಸಿದರೆ ಉಳಿತಾಯವೂ ಆಯಿತು, ಕೆಲಸವೂ ಆಯಿತು. ಡಬ್ಬಿಯ ಮೇಲೆ ಎಂ.ಆರ್.ಪಿ., ತಯಾರಕರ ಹೆಸರು-ವಿಳಾಸ, ತಿಂಗಳು-ವರ್ಷ ಇರಲೇಬೇಕು. ಅವಿಲ್ಲದ ಡಬ್ಬಿ ಬೇಡ. ಗಾಡಿ ಬಿಡುವ ಮೊದಲು ಹಳೇ ಫಿಲ್ಟರಿನ ಮೇಲೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ, ಕಿಲೋಮೀಟರ್ ಬರೆದುಕೊಳ್ಳಿ. ತೆಗೆದ ಹಳೇ ಸಾಮಾನು ಮತ್ತು ಹೊಸದರ ಖಾಲಿ ಡಬ್ಬಿ ಎರಡನ್ನೂ ಕೇಳಿ ಪಡೆಯಿರಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಜಾರಾಗುವುದಿಲ್ಲ, ಕೇಳದಿದ್ದರೂ ತಾನೇ ತಂದು ತೋರಿಸುತ್ತಾನೆ. ಚಕ್ರ ಬಿಚ್ಚಿದ ಕೆಲಸವಾಗಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ನೋಡಿಸಿ.

ಬಿಲ್ಲಿನ ವಿಷಯ ಕೊನೆಗೆ ಬಂದರೂ ಹಗುರವಲ್ಲ. “ಬಿಲ್ ಬ್ಯಾಡ ಅಂದ್ರ 18 ಪರ್ಸೆಂಟ್ ಉಳೀತದ್ರಿ” ಎಂಬ ಮಾತಿಗೆ ಒಪ್ಪಿದ ಕ್ಷಣಕ್ಕೆ ಗ್ರಾಹಕನ ಕೈಯಲ್ಲಿದ್ದ ಒಂದೇ ಸಾಕ್ಷಿ ಹೋಯಿತು. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಸಣ್ಣ ಗ್ಯಾರೇಜಿಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ. ಅಂಥವರು ತೆರಿಗೆ ಹಾಕದ ಸಾದಾ ಬಿಲ್ಲನ್ನೇ ಕೊಡಬಹುದು, ಆದರೆ ಬಿಲ್ಲು ಕೊಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಅಥವಾ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಭಾಗದ ಹೆಸರು, ಬ್ರ್ಯಾಂಡ್, ಪಾರ್ಟ್ ನಂಬರ್, ಆಯಿಲಿನ ಗ್ರೇಡ್ ಮತ್ತು ಲೀಟರ್, ಮಜೂರಿ ಬೇರೆಯಾಗಿ, ಅಂದಿನ ಕಿಲೋಮೀಟರ್, ಎಷ್ಟು ದಿನದ ಗ್ಯಾರಂಟಿ ಎಂಬುದು ಇರಲಿ. ವಿಮೆ ಇದೆಯಲ್ಲ ಎಂದು ನೆಚ್ಚಿಕೊಳ್ಳುವಂತಿಲ್ಲ, ಸವಕಳಿ ಮತ್ತು ಯಾಂತ್ರಿಕ ಕೆಡುಕು ಸಾಮಾನ್ಯ ಮೋಟಾರ್ ಪಾಲಿಸಿಯ ಹೊರಗೆ. ಕೆಲಸ ಕೆಟ್ಟಿದ್ದರೆ ಮೊದಲು ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ, ಮತ್ತೊಬ್ಬ ತಿಳಿದವರಿಂದ ದೋಷವನ್ನು ಬರೆಸಿಕೊಂಡು, ಫೋಟೊ ಸಹಿತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಗ್ಯಾರೇಜ್ ಮಾಲೀಕರಲ್ಲೂ ಒಂದು ವಿನಂತಿ. ಸಾಮಾನ್ಯ ಹತ್ತು ಕೆಲಸಗಳ ಮಜೂರಿಯನ್ನು ಗೋಡೆಯ ಮೇಲೆ ಬರೆದು ಹಾಕಿ. ಸಾಮಾನಿನ ಬೆಲೆ ಮತ್ತು ಮಜೂರಿ ಬೇರೆ ಬೇರೆ ಕಂಡಾಗ ಗ್ರಾಹಕ ಚೌಕಾಸಿ ಮಾಡಿದರೂ ಮಜೂರಿಯಲ್ಲೇ ಮಾಡುತ್ತಾನೆ, ಬ್ರೇಕ್ ಪ್ಯಾಡಿನ ಗುಣಮಟ್ಟದಲ್ಲಿ ಅಲ್ಲ. ಒಂದು ಟಾರ್ಕ್ ರೆಂಚ್ ಕೊಂಡು ಹುಡುಗರಿಗೆ ಅದನ್ನು ಬಳಸುವುದನ್ನು ಕಲಿಸಿ. ಐ.ಟಿ.ಐ.ನಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಓದಿ ಬಂದ ಹುಡುಗರಿಗೆ ಅದು ಗೊತ್ತಿರುತ್ತದೆ, ಅವಸರದ ಗ್ಯಾರೇಜಿನಲ್ಲಿ ಕೈಬಿಟ್ಟುಹೋಗುತ್ತದೆ ಅಷ್ಟೇ.

ಇಂತಿ,
ವಾಹನ ದುರಸ್ತಿ ಕೆಲಸಗಾರರು,
ಹುಬ್ಬಳ್ಳಿ